ರಿಕ್ಟರ್ ಎಂಬ ಅಡ್ಡಹೆಸರು

ಪ್ರಶ್ನೆ: ಭೂಕಂಪದ ಸುದ್ದಿಯಲ್ಲಿ ಕೇಳಿಬರುವ ರಿಕ್ಟರ್, ಪಿಯಾನೊ ವಾದಕ ರಿಕ್ಟರ್, ಚಿತ್ರಕಾರ ರಿಕ್ಟರ್ ಇವರೆಲ್ಲರೂ ಒಂದೇ ಮನೆತನದವರೇ?

ಉತ್ತರ: ಅಲ್ಲ. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ನ್ಯಾಯಾಧೀಶ ಎಂದರ್ಥ. ವೃತ್ತಿಯಿಂದ ಬಂದ ಹೆಸರಾದ್ದರಿಂದ, ರಕ್ತಸಂಬಂಧವೇ ಇಲ್ಲದ ಅನೇಕ ಕುಟುಂಬಗಳಲ್ಲಿ ಇದು ಉಳಿದುಬಂದಿದೆ. 1935ರಲ್ಲಿ ಭೂಕಂಪ ಮಾಪಕವನ್ನು ರೂಪಿಸಿದ ಚಾರ್ಲ್ಸ್ ರಿಕ್ಟರ್ ಅಮೆರಿಕದವರು. ಅವರಿಗೆ ಈ ಹೆಸರು ಬಂದದ್ದು ತಾಯಿಯ ಕಡೆಯಿಂದ.

ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ (1915–1997) ಹುಟ್ಟಿದ್ದು ಈಗಿನ ಉಕ್ರೇನಿನ ಝಿಟೊಮಿರ್‌ನಲ್ಲಿ. ಜರ್ಮನ್ ಮೂಲದ ಸಂಗೀತಗಾರರಾಗಿದ್ದ ಅವರ ತಂದೆಯನ್ನು 1941ರಲ್ಲಿ ಸೋವಿಯತ್ ಆಡಳಿತ ಗುಂಡಿಕ್ಕಿ ಕೊಂದಿತು. ಹೆಸರೊಂದು ಹೀಗೂ ಭಾರವಾಗಬಲ್ಲದು. ಮುಪ್ಪಿನಲ್ಲಿ ಅವರು ಸಭಾಂಗಣವನ್ನೆಲ್ಲ ಕತ್ತಲಾಗಿಸಿ, ಸ್ವರಲಿಪಿಯ ಹಾಳೆಯ ಮೇಲಷ್ಟೇ ಪುಟ್ಟ ದೀಪದ ಬೆಳಕು ಬೀಳುವಂತೆ ಮಾಡಿಕೊಂಡು ನುಡಿಸುತ್ತಿದ್ದರು.

1932ರಲ್ಲಿ ಡ್ರೆಸ್ಡೆನ್‌ನಲ್ಲಿ ಜನಿಸಿ, 1961ರಲ್ಲಿ ಪಶ್ಚಿಮ ಜರ್ಮನಿಗೆ ಬಂದ ಗೆರ್ಹಾರ್ಡ್ ರಿಕ್ಟರ್, ಛಾಯಾಚಿತ್ರವನ್ನು ನೋಡಿ ಯಥಾವತ್ತಾಗಿ ಚಿತ್ರಿಸಿ, ಬಣ್ಣ ಒಣಗುವ ಮೊದಲೇ ಅದರ ಮೇಲೆ ಕುಂಚವನ್ನು ಹಗುರವಾಗಿ ಎಳೆದು ಅಂಚುಗಳನ್ನು ಮಸುಕಾಗಿಸುವ ಕ್ರಮದಿಂದ ಪ್ರಸಿದ್ಧರಾದರು. ಆದರೂ ನನಗೆ ಹೆಚ್ಚು ಮೆಚ್ಚುಗೆಯಾಗುವುದು 2007ರಲ್ಲಿ ಕಲೋನ್ ಕೆಥೆಡ್ರಲ್‌ಗಾಗಿ ಅವರು ವಿನ್ಯಾಸಗೊಳಿಸಿದ ಕಿಟಕಿ: ಅದರಲ್ಲಿ ಸಂತರ ಚಿತ್ರಗಳಿಲ್ಲ, 72 ಬಣ್ಣಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಗಾಜಿನ ಚೌಕಗಳಿವೆ.