ಆಫೀಸ್ ಲ್ಯಾಪ್‌ಟಾಪ್ 48 ಅಂಕಿಯ ಕೀ ಕೇಳುತ್ತಿದೆ, ಅಂಗಡಿಗೆ ಕೊಡಲಾ?

ನೀವು ಕೇಳಿರುವುದು ಇಷ್ಟು: ಹಾಸನದ ಮನೆಯಿಂದಲೇ ಕೆಲಸ, ಆಫೀಸ್ ಇರುವುದು ಬೆಂಗಳೂರಿನಲ್ಲಿ. ರಾತ್ರಿ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ನೀಲಿ ಪರದೆ ತೋರಿಸಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ರಿಕವರಿ ಕೀ ಕೇಳುತ್ತಿದೆ. ನಿಮ್ಮ ಪಾಸ್‌ವರ್ಡ್ ನಿಮಗೆ ನೆನಪಿದೆ, ಆದರೆ ಅದನ್ನು ಹಾಕುವ ಜಾಗದವರೆಗೆ ಹೋಗಲು ಬಿಡುತ್ತಿಲ್ಲ. ಬಿ.ಎಂ. ರೋಡಿನ ಅಂಗಡಿಯವರು "ಕೊಡಿ, ಸಂಜೆಗೆ ಸರಿ ಮಾಡಿಕೊಡ್ತೀವಿ" ಅಂದಿದ್ದಾರೆ.

ದಯವಿಟ್ಟು ಕೊಡಬೇಡಿ. ಕೀ ಇಲ್ಲದೆ ಆ ಡಿಸ್ಕನ್ನು ಯಾವ ಅಂಗಡಿಯವರೂ ತೆರೆಯಲಾರರು. ಅವರಿಗೆ ಆಗುವುದು ಫಾರ್ಮ್ಯಾಟ್ ಮಾಡುವುದು ಮಾತ್ರ. ಲ್ಯಾಪ್‌ಟಾಪ್ ಆನ್ ಆಗುತ್ತದೆ, ನಿಮ್ಮ ಕೆಲಸವೆಲ್ಲ ಹೋಗಿರುತ್ತದೆ. ಅದೂ ಅಲ್ಲದೆ ಅದು ಕಂಪನಿಯ ಸೊತ್ತು, ಅಲ್ವಾ? ಆಮೇಲೆ ಉತ್ತರ ಕೊಡಬೇಕಾದವರು ನೀವೇ. ನೆಟ್‌ನಲ್ಲಿ ಸಿಗುವ "ಅನ್‌ಲಾಕ್ ಟೂಲ್"ಗಳನ್ನೂ ಮುಟ್ಟಬೇಡಿ.

ಇದು ಯಾಕೆ ಆಗುತ್ತದೆ ಅಂದರೆ, ಲ್ಯಾಪ್‌ಟಾಪ್ ಒಳಗೆ ಟಿಪಿಎಂ ಅಂತ ಒಂದು ಚಿಪ್ ಇರುತ್ತದೆ. ಡಿಸ್ಕಿನ ಬೀಗ ತೆಗೆಯುವುದು ಅದರ ಕೆಲಸ. ಆನ್ ಮಾಡಿದಾಗಲೆಲ್ಲ ಯಂತ್ರ ನಿನ್ನೆ ಇದ್ದ ಹಾಗೇ ಇದೆಯಾ ಅಂತ ನೋಡುತ್ತದೆ. ಬಯೋಸ್ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆಗಿದ್ದರೆ, ಬೂಟ್ ಸೆಟ್ಟಿಂಗ್ ಬದಲಾಗಿದ್ದರೆ, ಕೆಲವು ಸಲ ಹೊಸ ಡಾಕ್ (ಮಾನಿಟರ್, ಕೀಬೋರ್ಡ್ ಎಲ್ಲ ಜೋಡಿಸುವ ಪೆಟ್ಟಿಗೆ) ಸಿಕ್ಕಿಸಿದ್ದರೂ ಅನುಮಾನ ಪಡುತ್ತದೆ. ಆಗ 48 ಅಂಕಿಯ ಕೀ ಕೇಳುತ್ತದೆ. ಹಾಗಾಗಿ ಮೊದಲು ಪೆನ್‌ಡ್ರೈವ್, ಡಾಕ್, ಹಾರ್ಡ್‌ಡಿಸ್ಕ್ ಏನೇ ಸಿಕ್ಕಿಸಿದ್ದರೂ ತೆಗೆದು, ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. ಅಷ್ಟಕ್ಕೇ ಸರಿಹೋಗುವುದೂ ಉಂಟು. ಬಯೋಸ್‌ಗೆ ಹೋಗಿ ಟಿಪಿಎಂ ಕ್ಲಿಯರ್ ಮಾಡುವುದು, "ರೀಸೆಟ್ ದಿಸ್ ಪಿಸಿ" ಒತ್ತುವುದು ಮಾತ್ರ ಬೇಡವೇ ಬೇಡ.

ಸರಿಹೋಗದಿದ್ದರೆ ಕೀ ಬೇಕೇ ಬೇಕು. ಆಫೀಸ್ ಲ್ಯಾಪ್‌ಟಾಪ್ ಅಂದಮೇಲೆ ಅದು ಸಾಮಾನ್ಯವಾಗಿ ಕಂಪನಿಯ ಖಾತೆಯಲ್ಲಿ ಉಳಿದಿರುತ್ತದೆ. ನೀಲಿ ಪರದೆಯಲ್ಲಿ ಕೀ ಐಡಿ ಕಾಣುತ್ತದೆ, ಅದರ ಮೊದಲ 8 ಅಕ್ಷರ ಬರೆದುಕೊಳ್ಳಿ. ಆಮೇಲೆ ಫೋನಿನ ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೈ ಅಕೌಂಟ್ ಪುಟಕ್ಕೆ ಆಫೀಸ್ ಐಡಿಯಿಂದ ಲಾಗಿನ್ ಆಗಿ, ಡಿವೈಸಸ್ ಒಳಗೆ ನೋಡಿ. ಕಂಪನಿ ಅನುಮತಿ ಕೊಟ್ಟಿದ್ದರೆ ಕೀ ಅಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಐಟಿ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡಿ, ಆ 8 ಅಕ್ಷರ ಹೇಳಿ. ಸಂಕೋಚ ಬೇಡ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪ್ಯೂಟರ್ ಭದ್ರತಾ ಕಂಪನಿಯ ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತಾಗ, ಎಷ್ಟೋ ಕಂಪನಿಗಳ ಐಟಿಯವರು ಇದೇ ಕೀಗಳನ್ನು ಒಂದೊಂದಾಗಿ ಓದಿ ಹೇಳಬೇಕಾಗಿ ಬಂದಿತ್ತು. ನೀವು ಕೇಳುವುದು ಅವರಿಗೆ ಹೊಸದಲ್ಲ.

ಕೀ ಸಿಕ್ಕಿತು ಅನ್ನೋಣ. ನಾನು ನಿಜವಾಗಿ ಒದ್ದಾಡಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ನಮ್ಮದು ಮೂಡಿಗೆರೆ ಹತ್ತಿರದ ಊರು. ಮಳೆಗಾಲದಲ್ಲಿ ಸಿಗ್ನಲ್ ಬರುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ನಾನು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಅಮ್ಮ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತಿದ್ದರು. ತೇವ ಹಾಳೆ, ಪೆನ್ನು ಮೂಡುತ್ತಿರಲಿಲ್ಲ. ಹೆಲ್ಪ್‌ಡೆಸ್ಕ್ ಹುಡುಗ ಇಂಗ್ಲಿಷಿನಲ್ಲಿ ಅಂಕಿ ಹೇಳಿದ, ನಾನು ಕೂಗಿದೆ, ಅಮ್ಮ ಬರೆದರು. ಒಳಗೆ ಹೋಗಿ ಹಾಕಿದರೆ ತಪ್ಪು. ಮತ್ತೆ ಕಣಕ್ಕೆ, ಮತ್ತೆ ಫೋನು, ಮತ್ತೆ ತಪ್ಪು. ಮಳೆಯ ಸದ್ದಿನಲ್ಲಿ 'ಫೈವ್' ಯಾವುದು, 'ನೈನ್' ಯಾವುದು ಗೊತ್ತಾಗುತ್ತಲೇ ಇರಲಿಲ್ಲ.

ಮೂರನೇ ಸಲ ಆ ಹುಡುಗನೇ ಒಂದು ಉಪಾಯ ಹೇಳಿಕೊಟ್ಟ. ಇಷ್ಟು ಉದ್ದ ಬರೆಯುತ್ತಿರುವುದೇ ಇದನ್ನು ನಿಮಗೆ ಹೇಳೋಕೆ. ಕೀಯಲ್ಲಿ 6 ಅಂಕಿಯ 8 ಗುಂಪುಗಳಿರುತ್ತವೆ. ಪ್ರತಿ ಗುಂಪೂ 11ರಿಂದ ಸರಿಯಾಗಿ ಭಾಗವಾಗಲೇಬೇಕು. ಉದಾಹರಣೆಗೆ 415272 ತಗೊಳ್ಳಿ. ಒಂದು, ಮೂರು, ಐದನೇ ಅಂಕಿ ಕೂಡಿದರೆ 4, 5, 7 ಸೇರಿ 16. ಎರಡು, ನಾಲ್ಕು, ಆರನೇ ಅಂಕಿ ಕೂಡಿದರೆ 1, 2, 2 ಸೇರಿ 5. ವ್ಯತ್ಯಾಸ 11. ವ್ಯತ್ಯಾಸ ಸೊನ್ನೆ, 11 ಅಥವಾ 22 ಬಂದರೆ ಗುಂಪು ಸರಿ. ಅದೇ 5 ಇದ್ದಲ್ಲಿ 9 ಕೇಳಿಸಿಕೊಂಡು 419272 ಅಂತ ಬರೆದರೆ ವ್ಯತ್ಯಾಸ 15 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಗುಂಪಿನಲ್ಲಿ ಒಂದೇ ಅಂಕಿ ತಪ್ಪಿದ್ದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿದ್ದರೂ ಈ ಲೆಕ್ಕ ಖಂಡಿತ ಹಿಡಿಯುತ್ತದೆ. ಇನ್ನೊಂದು ಗುರುತು: ಯಾವ ಗುಂಪೂ 720885ಕ್ಕಿಂತ ದೊಡ್ಡದಿರುವುದಿಲ್ಲ. ಅಂದರೆ 8 ಅಥವಾ 9ರಿಂದ ಶುರುವಾಗುವ ಗುಂಪು ಬರೆದಿದ್ದರೆ ಕೇಳಿಸಿಕೊಂಡಿದ್ದೇ ತಪ್ಪು.

ಕೊಡೆ ಕೆಳಗೇ ನಿಂತು ನೋಡಿದೆವು. ಎರಡು ಗುಂಪು ತಪ್ಪಿದ್ದವು. ಅವೆರಡನ್ನು ಮಾತ್ರ ಮತ್ತೆ ಕೇಳಿದೆ, "ಕನ್ನಡದಲ್ಲೇ ಹೇಳಪ್ಪಾ" ಅಂದೆ. ಐದು, ಒಂಬತ್ತು ಅಂದರೆ ಎಂಥ ಮಳೆಯಲ್ಲೂ ಬೇರೆ ಬೇರೆಯಾಗಿಯೇ ಕೇಳುತ್ತದೆ. ಈ ಸಲ ಲ್ಯಾಪ್‌ಟಾಪ್ ತೆರೆಯಿತು. ಅಮ್ಮ ನನಗಿಂತ ಜಾಸ್ತಿ ಖುಷಿಪಟ್ಟರು.

ಕೀಯನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಬೇಡಿ, ಫೋಟೋ ತೆಗೆದು ಇಟ್ಟುಕೊಳ್ಳಬೇಡಿ. ಆ ಹಾಳೆಯನ್ನು ನಾವು ಅವತ್ತೇ ಬಚ್ಚಲ ಒಲೆಗೆ ಹಾಕಿದೆವು. "ನಿಮ್ಮ ಐಟಿಯಿಂದ ಮಾತಾಡ್ತಿದ್ದೀವಿ" ಅಂತ ಯಾರಾದರೂ ತಾವಾಗೇ ಫೋನ್ ಮಾಡಿದರೆ ಅವರಿಗೆ ಏನೂ ಹೇಳಬೇಡಿ. ಕಂಪನಿಯ ನಂಬರ್‌ಗೆ ನೀವೇ ಮಾಡಿ.

ಒಳಗೆ ಹೋದ ಮೇಲೂ ಪ್ರತಿ ಸಲ ಕೀ ಕೇಳುತ್ತಿದ್ದರೆ, ಬಿಟ್‌ಲಾಕರ್ ಅನ್ನು ಒಮ್ಮೆ ಸಸ್ಪೆಂಡ್ ಮಾಡಿ ಮತ್ತೆ ರೆಸ್ಯೂಮ್ ಮಾಡಲು ಐಟಿಯವರಿಗೆ ಹೇಳಿ. ಆಗ ಟಿಪಿಎಂ ಈಗಿನ ಸ್ಥಿತಿಯನ್ನೇ ಸರಿ ಅಂತ ಒಪ್ಪಿಕೊಳ್ಳುತ್ತದೆ. ಸೋಮವಾರದವರೆಗೆ ಯಾರೂ ಫೋನ್ ಎತ್ತದಿದ್ದರೆ ಲ್ಯಾಪ್‌ಟಾಪ್ ಆಫ್ ಮಾಡಿ ಸುಮ್ನೆ ಪಕ್ಕಕ್ಕಿಡಿ. ಎರಡು ದಿನ ಹಾಗೇ ಇದ್ದರೆ ಡಿಸ್ಕಿನಲ್ಲಿರುವುದಕ್ಕೆ ಏನೂ ಆಗುವುದಿಲ್ಲ. ಒನ್‌ಡ್ರೈವ್‌ಗೆ ಹೋಗಿರುವ ಫೈಲುಗಳು ಅಷ್ಟರಲ್ಲಿ ಬೇಕಾದರೆ ಫೋನಿನಲ್ಲೂ ತೆರೆಯುತ್ತವೆ.