ಓದುಗರ ಪ್ರಶ್ನೆ: ಕುಕೀ, ಕಮೆಂಟು, ಕೈತಪ್ಪಿದ ವಿಳಾಸ

ಈ ಬಾರಿಯ ಅಂಚೆಯಲ್ಲಿ ಬ್ಲಾಗ್ ಬರೆಯುವವರ ಪತ್ರಗಳೇ ಹೆಚ್ಚು. ‘ಯಾವ ಭದ್ರತೆಯನ್ನು ಆಫ್ ಮಾಡಿದರೆ ಸರಿಹೋಗುತ್ತದೆ?’ ಎಂದು ಹೆಚ್ಚಿನವರು ಕೇಳಿದ್ದಾರೆ. ಆಫ್ ಮಾಡದೆಯೇ ಸರಿಪಡಿಸುವ ದಾರಿಗಳನ್ನು ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಕಡೆಯ ಸಂಪ್ರದಾಯದ ಹಾಡು, ತಂಬುಳಿ, ಸೊಪ್ಪು ಸದೆಗಳ ಬಗ್ಗೆ ಬಹಳ ವರ್ಷಗಳಿಂದ ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯುತ್ತಿದ್ದೇನೆ. ಮೊದಲು ಪ್ರತಿ ಬರಹಕ್ಕೂ ನಾಲ್ಕಾರು ಕಮೆಂಟ್ ಬರುತ್ತಿದ್ದವು. ಈಗ ‘ಕಮೆಂಟ್ ಬರೆದು ಪ್ರಕಟಿಸಿ ಎಂದು ಒತ್ತಿದರೆ ಮತ್ತೆ ಲಾಗಿನ್ ಕೇಳುತ್ತದೆ, ಲಾಗಿನ್ ಆಗಿ ಬಂದರೆ ಬರೆದದ್ದೇ ಮಾಯ’ ಎಂದು ಓದುಗರು ಫೋನ್ ಮಾಡಿ ಹೇಳುತ್ತಾರೆ. ಅಮೆರಿಕದಲ್ಲಿರುವ ಮಗಳ ಐಫೋನಿನಿಂದಂತೂ ಆಗುವುದೇ ಇಲ್ಲ. ಬ್ರೌಸರಿನ ಭದ್ರತೆ ತೆಗೆದುಹಾಕಿ ಎಂದು ಬ್ಲಾಗಿನ ತಲೆಬರಹದ ಕೆಳಗೇ ಸೂಚನೆ ಹಾಕಿಬಿಡಿ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಹಾಕಲೇ? (ಶಿರಸಿ)

ಉತ್ತರ: ದಯವಿಟ್ಟು ಹಾಕಬೇಡಿ ಮೇಡಂ. ನಾನು ಮೈಸೂರಿನಲ್ಲಿ ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತಾ ಬಂದವಳು. ಒಂದು ಕಮೆಂಟ್‌ಗಾಗಿ ಆಫ್ ಮಾಡಿದ ಸೆಟ್ಟಿಂಗನ್ನು ಮತ್ತೆ ಆನ್ ಮಾಡಿದವರನ್ನು ನಾನು ಕಂಡಿಲ್ಲ. ಮರುದಿನ ಅದೇ ಬ್ರೌಸರಿನಲ್ಲಿ ಅವರು ಪಿಂಚಣಿಯ ಖಾತೆ ತೆರೆಯುತ್ತಾರೆ. ನಿಮ್ಮ ಮಾತನ್ನು ನಂಬುವ ಓದುಗರು ನೀವು ಹೇಳಿದ್ದನ್ನು ಹಾಗೆಯೇ ಮಾಡುತ್ತಾರೆ. ಆದ್ದರಿಂದಲೇ ಆ ಸೂಚನೆ ಬೇಡ ಎನ್ನುತ್ತಿದ್ದೇನೆ.

ತೊಡಕು ಎಲ್ಲಿದೆ ನೋಡಿ. ನಿಮ್ಮ ಬ್ಲಾಗ್ ಇರುವುದು ಬ್ಲಾಗ್‌ಸ್ಪಾಟ್ ಡಾಟ್ ಕಾಮ್‌ನಲ್ಲಿ. ಬರಹದ ಕೆಳಗೆ ಕಾಣುವ ಕಮೆಂಟ್ ಪೆಟ್ಟಿಗೆ ಮಾತ್ರ ಬ್ಲಾಗರ್ ಡಾಟ್ ಕಾಮ್‌ನಿಂದ ಬಂದು ಅಲ್ಲಿ ಕೂತಿರುತ್ತದೆ. ಬರೆಯುತ್ತಿರುವವರು ಯಾರೆಂದು ಗೊತ್ತಾಗಲು ಆ ಪೆಟ್ಟಿಗೆಗೆ ತನ್ನ ಕುಕೀ, ಅಂದರೆ ತಾಣವೊಂದು ಬ್ರೌಸರಿನಲ್ಲಿ ಉಳಿಸಿಡುವ ಪುಟ್ಟ ಗುರುತಿನ ಚೀಟಿ, ಬೇಕು. ಬ್ರೌಸರಿನ ಕಣ್ಣಿಗೆ ಅದು ಬೇರೊಂದು ತಾಣದ ಕುಕೀ, ಅಂದರೆ ಥರ್ಡ್ ಪಾರ್ಟಿ ಕುಕೀ. ನಮ್ಮ ಬೆನ್ನು ಹತ್ತಿ ತಾಣದಿಂದ ತಾಣಕ್ಕೆ ಬರುವ ಜಾಹೀರಾತು ಕಂಪನಿಗಳೂ ಇದೇ ಬಗೆಯ ಕುಕೀ ಬಳಸುವುದರಿಂದ ಬ್ರೌಸರುಗಳು ಒಂದೊಂದಾಗಿ ಇದಕ್ಕೆ ತಡೆ ಹಾಕಿದವು. ಐಫೋನಿನ ಸಫಾರಿ 2020ರ ಮಾರ್ಚ್‌ನಿಂದ ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕೀಗಳನ್ನೂ ಬೇರೆ ಬೇರೆಯಾಗಿ ಕೂಡಿಡುತ್ತದೆ. ಕ್ರೋಮ್ ತಾನೂ ಇವುಗಳನ್ನು ನಿಲ್ಲಿಸುವುದಾಗಿ ಹೇಳಿ 2024ರಲ್ಲಿ ಹಿಂದೆ ಸರಿಯಿತು. ಆದರೂ ಅದರ ಇನ್‌ಕಾಗ್ನಿಟೊ (ಗುಟ್ಟಾಗಿ ನೋಡುವ) ಕಿಟಕಿಯಲ್ಲಿ ತಡೆ ಇದ್ದೇ ಇದೆ. ಆದ್ದರಿಂದ ನಿಮ್ಮ ಮಗಳ ಫೋನು ಕೆಟ್ಟಿಲ್ಲ, ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ.

ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಬ್ಲಾಗರ್‌ನ ಸೆಟ್ಟಿಂಗ್ಸ್‌ನಲ್ಲಿ ಕಮೆಂಟ್ಸ್ ಎಂಬ ಭಾಗಕ್ಕೆ ಹೋಗಿ. ಮೊದಲ ಸಾಲಿನಲ್ಲೇ ಕಮೆಂಟ್ ಲೊಕೇಶನ್ ಇರುತ್ತದೆ. ನಿಮ್ಮಲ್ಲಿ ಅದು ‘ಎಂಬೆಡೆಡ್’ ಎಂದಿರಬೇಕು. ಅದನ್ನು ‘ಫುಲ್ ಪೇಜ್’ ಮಾಡಿ. ಇನ್ನು ಮುಂದೆ ಕಮೆಂಟ್ ಬರೆಯಲು ಒತ್ತಿದವರು ನೇರವಾಗಿ ಬ್ಲಾಗರ್‌ನ ಪುಟಕ್ಕೇ ಹೋಗುತ್ತಾರೆ. ಅಲ್ಲಿ ಕುಕೀ ಆ ತಾಣದ್ದೇ ಆದ್ದರಿಂದ ಯಾರೂ ತಡೆಯುವುದಿಲ್ಲ. ‘ಪಾಪ್‌ಅಪ್ ವಿಂಡೋ’ ಎಂಬ ಇನ್ನೊಂದು ಆಯ್ಕೆಯೂ ಇದೆ, ಅದು ಬೇಡ. ಪಾಪ್‌ಅಪ್ ತಡೆಯುವ ಬ್ರೌಸರಿನಲ್ಲಿ ಅದೂ ತೆರೆಯದೆ ಮತ್ತೆ ನಿಮಗೆ ಫೋನ್ ಬರುತ್ತದೆ. ಬರಹದ ಕೆಳಗೇ ಪೆಟ್ಟಿಗೆ ಕಾಣುವ ಅಂದ ಸ್ವಲ್ಪ ಹೋಗುತ್ತದೆ, ಹೋಗಲಿ. ಊರಿನ ಹಾಡಿನ ಇನ್ನೊಂದು ಪಾಠವನ್ನು ಕಮೆಂಟಿನಲ್ಲಿ ಬರೆದು ಕಳಿಸುವ ಅಜ್ಜಿಯರು ಹಿಂತಿರುಗಿ ಬರುವುದು ಅದಕ್ಕಿಂತ ಮುಖ್ಯ.

ಗೂಗಲ್ ಖಾತೆಯೇ ಇಲ್ಲದವರಿಗಾಗಿ ‘ಯಾರು ಬೇಕಾದರೂ ಬರೆಯಬಹುದು’ ಎಂಬ ಆಯ್ಕೆ ಕೊಟ್ಟು, ಜೊತೆಗೆ ಕಮೆಂಟ್ ಮಾಡರೇಶನ್ ಅನ್ನು ‘ಆಲ್ವೇಸ್’ ಎಂದಿಡಿ. ನೀವು ಒಪ್ಪಿದ್ದು ಮಾತ್ರ ಪ್ರಕಟವಾಗುತ್ತದೆ.

ಬೇರೆಯವರ ಬ್ಲಾಗಿನಲ್ಲಿ ಇದೇ ತೊಂದರೆ ಎದುರಾದ ಓದುಗರಿಗೂ ಒಂದು ಮಾತು. ಕ್ರೋಮ್‌ನಲ್ಲಿ ಥರ್ಡ್ ಪಾರ್ಟಿ ಕುಕೀ ತಡೆದಿಟ್ಟಿದ್ದರೆ ಆ ತಡೆಯನ್ನು ತೆಗೆಯಬೇಡಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಆ ತಡೆ ಇರುವ ಪುಟದ ಕೆಳಗೆ, ಅನುಮತಿ ಪಡೆದ ತಾಣಗಳ ಪಟ್ಟಿಗೆ ಆ ಒಂದು ಬ್ಲಾಗಿನ ವಿಳಾಸವನ್ನಷ್ಟೇ ಸೇರಿಸಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಶಾಸನ, ವೀರಗಲ್ಲುಗಳ ಚಿತ್ರಗಳನ್ನು ಬ್ಲಾಗಿನಲ್ಲಿ ಹಾಕುತ್ತೇನೆ. ಕೆಲವರ ಆಂಟಿವೈರಸ್ ‘ಈ ಪುಟ ಅಪಾಯಕಾರಿ’ ಎಂದು ಕೆಂಪು ಪರದೆ ತೋರಿಸುತ್ತದಂತೆ. ಒಬ್ಬರ ಮೊಬೈಲಿನಲ್ಲಿ ಜೂಜಿನ ತಾಣ ತೆರೆದುಕೊಂಡಿದೆ. ನನ್ನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿದೆ. ಇದು ಆಂಟಿವೈರಸ್ಸಿನ ತಪ್ಪಲ್ಲವೇ? (ತುಮಕೂರು)

ಉತ್ತರ: ಜೂಜಿನ ತಾಣ ತೆರೆದುಕೊಂಡಿತು ಎಂದ ಮೇಲೆ ಆಂಟಿವೈರಸ್ ಹೇಳಿದ್ದನ್ನು ನಂಬಿ ಹುಡುಕುವುದೇ ಸರಿ. ವೀರಗಲ್ಲಿನ ಚಿತ್ರದಿಂದ ಹಾಗಾಗುವುದಿಲ್ಲ. ನೀವು ಹಿಂದೆ ಎಂದೋ ಅಂಟಿಸಿ ಮರೆತ ಯಾವುದಾದರೂ ಗ್ಯಾಜೆಟ್‌ನ, ಅಂದರೆ ಬ್ಲಾಗಿನ ಪಕ್ಕದಲ್ಲಿ ಸೇರಿಸುವ ಪುಟ್ಟ ಸಲಕರಣೆಯ ಮೇಲೆ ನನಗೆ ಅನುಮಾನ.

2008–10ರ ಸುಮಾರಿಗೆ ಕನ್ನಡ ಬ್ಲಾಗುಗಳ ಪಕ್ಕದಲ್ಲಿ ಏನೆಲ್ಲ ಇರುತ್ತಿತ್ತು ನೆನಪಿಸಿಕೊಳ್ಳಿ. ಬಂದವರ ಎಣಿಕೆ, ಯಾವ ದೇಶದಿಂದ ಬಂದರೆಂಬ ಬಾವುಟ, ಗಡಿಯಾರ, ಹರಟೆ ಪೆಟ್ಟಿಗೆ. ಅವುಗಳಲ್ಲಿ ಹೆಚ್ಚಿನವು ಬೇರೆಯವರ ತಾಣದಿಂದ ಸ್ಕ್ರಿಪ್ಟ್ (ಬ್ರೌಸರಿನಲ್ಲಿ ಓಡುವ ಕಿರು ಪ್ರೋಗ್ರಾಂ) ತಂದು ನಿಮ್ಮ ಪುಟದಲ್ಲಿ ಓಡಿಸುತ್ತವೆ. ಆ ತಾಣದವರು ಅಂಗಡಿ ಮುಚ್ಚಿ, ವಿಳಾಸ ಇನ್ನೊಬ್ಬರ ಪಾಲಾದರೆ ನಿಮ್ಮ ಪುಟದಲ್ಲಿ ಓಡುವುದು ಹೊಸ ಒಡೆಯನ ಸ್ಕ್ರಿಪ್ಟ್. ಪಾಲಿಫಿಲ್ ಡಾಟ್ ಐಒ ಎಂಬ ವಿಳಾಸ 2024ರಲ್ಲಿ ಹೀಗೆಯೇ ಕೈಬದಲಾಯಿತು. ಅದರ ಸ್ಕ್ರಿಪ್ಟನ್ನು ನಂಬಿಕೊಂಡಿದ್ದ 1,00,000ಕ್ಕೂ ಹೆಚ್ಚು ತಾಣಗಳ ಮೂಲಕ ಜನರನ್ನು ಜೂಜು ಮತ್ತು ಮೋಸದ ಪುಟಗಳಿಗೆ ಎಳೆಯುತ್ತಿದ್ದುದು ಆ ಜೂನ್‌ನಲ್ಲಿ ಬಯಲಾಯಿತು. ಆ ಸ್ಕ್ರಿಪ್ಟ್ ಕೆಲವು ಮೊಬೈಲುಗಳಲ್ಲಿ, ಕೆಲವು ಹೊತ್ತಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ತಾಣ ನಡೆಸುವವರು ಬಂದರೆ ಸುಮ್ಮನಿರುತ್ತಿತ್ತು. ‘ನನ್ನಲ್ಲಿ ಸರಿಯಾಗಿದೆ’ ಎಂಬ ನಿಮ್ಮ ಮಾತು ಓದಿದಾಗ ನನಗೆ ನೆನಪಾದದ್ದು ಇದೇ.

ಬ್ಲಾಗರ್‌ನ ಲೇಔಟ್ ಪುಟ ತೆರೆದು, ‘ಎಚ್‌ಟಿಎಂಎಲ್/ಜಾವಾಸ್ಕ್ರಿಪ್ಟ್’ ಎಂದಿರುವ ಪ್ರತಿ ಗ್ಯಾಜೆಟ್‌ನ ಪೆನ್ಸಿಲ್ ಗುರುತು ಒತ್ತಿ. ಕೋಡ್ ಓದಲು ಬಾರದಿದ್ದರೂ ಚಿಂತೆಯಿಲ್ಲ. ಸ್ಕ್ರಿಪ್ಟ್ ಎಂಬ ಪದದ ಮುಂದೆ, ಉದ್ಧರಣ ಚಿಹ್ನೆಗಳ ನಡುವೆ ಒಂದು ವಿಳಾಸ ಇರುತ್ತದೆ. ಅದು ಯಾರದೆಂದು ನಿಮಗೆ ಇವತ್ತು ಹೇಳಲಾಗದಿದ್ದರೆ ಗ್ಯಾಜೆಟ್ ಅಳಿಸಿಬಿಡಿ. ಥೀಮ್ ಅನ್ನು ಹೊರಗಿನ ತಾಣದಿಂದ ಇಳಿಸಿಕೊಂಡಿದ್ದರೆ ಅದನ್ನೂ ಬದಲಿಸಿ, ಬ್ಲಾಗರ್ ಕೊಡುವ ಥೀಮ್ ಹಾಕಿ. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಬ್ಲಾಗ್ ಸೇರಿಸಿ ‘ಸೆಕ್ಯುರಿಟಿ ಇಶ್ಯೂಸ್’ ಪುಟ ನೋಡಿ. ಅಲ್ಲಿ ದೂರು ಕಂಡರೆ, ಸರಿಪಡಿಸಿದ ಮೇಲೆ ಮರುಪರಿಶೀಲನೆ ಕೇಳಬಹುದು. ಎಚ್ಚರಿಸಿದ ಓದುಗರಿಗೆ ತಪ್ಪದೆ ಧನ್ಯವಾದ ಹೇಳಿ, ಅವರು ನಿಮ್ಮ ಕೆಲಸವನ್ನು ಉಳಿಸಿದ್ದಾರೆ.

ಪ್ರಶ್ನೆ: ನಮ್ಮೂರ ಗ್ರಂಥಾಲಯದ ಹಳೆಯ ಕಂಪ್ಯೂಟರಿನಲ್ಲಿ ಯಾವ ಬ್ಲಾಗ್ ತೆರೆದರೂ ‘ಸಂಪರ್ಕ ಸುರಕ್ಷಿತವಲ್ಲ’ ಎನ್ನುತ್ತದೆ. ಕೆಳಗಿನ ಕೊಂಡಿ ಒತ್ತಿ ಮುಂದೆ ಹೋಗುವುದು ರೂಢಿಯಾಗಿದೆ. ತಪ್ಪೇ? (ಮೂಡಿಗೆರೆ)

ಉತ್ತರ: ಆ ರೂಢಿ ಬಿಡಬೇಕು. ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಿ. ಎಲ್ಲ ತಾಣಗಳಿಗೂ ಒಟ್ಟಿಗೆ ಈ ದೂರು ಬಂದರೆ ಬಹುಪಾಲು ಗಡಿಯಾರವೇ ಕಾರಣ. ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನ, ಮುಗಿಯುವ ದಿನ ಎಂದಿರುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುತ್ತಾ ಬಂದಿರುವುದು 90 ದಿನಗಳದ್ದು. ಕಂಪ್ಯೂಟರ್ ಹಲವು ವರ್ಷ ಹಿಂದಿದ್ದರೆ ಅದರ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಸೆಲ್ ಮುಗಿದಿದೆ. ಸಾಮಾನ್ಯವಾಗಿ ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ಸರಿಯಿದ್ದೂ ದೂರು ನಿಲ್ಲದಿದ್ದರೆ ವಿಂಡೋಸ್ ಯಾವುದೆಂದು ನೋಡಿ. ವಿಂಡೋಸ್ 7 ಅನ್ನು ಕ್ರೋಮ್ 2023ರಲ್ಲೇ ಕೈಬಿಟ್ಟಿದೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಪ್ರಶ್ನೆ: 2014ರಲ್ಲಿ ನಮ್ಮ ಬಳಗ ತಂದ ಸ್ಮರಣ ಸಂಚಿಕೆಯಲ್ಲಿ ಸದಸ್ಯರ ಬ್ಲಾಗ್ ವಿಳಾಸಗಳನ್ನು ಅಚ್ಚುಹಾಕಿದ್ದೆವು. ಎಲ್ಲವೂ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂದು ಮುಗಿಯುತ್ತವೆ. ಈಗ ಯಾವುದೂ ಸರಿಯಾಗಿ ತೆರೆಯುತ್ತಿಲ್ಲ. (ದಾವಣಗೆರೆ)

ಉತ್ತರ: ಬರಹಗಳು ಕಳೆದುಹೋಗಿವೆ ಎಂದುಕೊಳ್ಳಬೇಡಿ. 2012ರಿಂದ ಗೂಗಲ್ ಭಾರತದ ಓದುಗರನ್ನು ಡಾಟ್ ಇನ್ ವಿಳಾಸಕ್ಕೆ ತಿರುಗಿಸುತ್ತಿತ್ತು, 2018ರಲ್ಲಿ ಅದನ್ನು ನಿಲ್ಲಿಸಿತು, 2020ರಲ್ಲಿ ಆ ವಿಳಾಸವೇ ಅದರ ಕೈತಪ್ಪಿತು. ಕೊನೆಯ ‘ಇನ್’ ಬದಲು ‘ಕಾಮ್’ ಎಂದು ಟೈಪ್ ಮಾಡಿ. ಬರೆದವರು ಅಳಿಸಿರದಿದ್ದರೆ ಬ್ಲಾಗ್ ತೆರೆದುಕೊಳ್ಳುತ್ತದೆ. ನಿಮ್ಮ ಸದಸ್ಯರು ತಮ್ಮ ಬರಹಗಳೊಳಗೆ ಕೊಟ್ಟ ಹಳೆಯ ಡಾಟ್ ಇನ್ ಕೊಂಡಿಗಳನ್ನೂ ತಿದ್ದಲಿ.

ಪ್ರಶ್ನೆ: ಪಾಸ್‌ವರ್ಡ್ ಜೊತೆಗೆ ಫೋನಿಗೆ ಬರುವ ಸಂಖ್ಯೆಯನ್ನೂ ಕೇಳುವ ಎರಡು ಹಂತದ ಲಾಗಿನ್ ಹಾಕಿಕೊಂಡರೆ, ಸಿಮ್ ಕಳೆದ ದಿನ ಬ್ಲಾಗೂ ಹೋದಂತೆಯೇ ಅಲ್ಲವೇ? ಆ ಭಯಕ್ಕೆ ಹಾಕಿಲ್ಲ. (ಮಸ್ಕತ್)

ಉತ್ತರ: ವಿದೇಶದಲ್ಲಿದ್ದು ಊರಿನ ಸಿಮ್ ನಂಬಿಕೊಂಡವರ ಭಯ ನ್ಯಾಯವಾದದ್ದೇ. ಆದರೂ ಹಾಕಿಕೊಳ್ಳಿ. ಹಾಕುವಾಗಲೇ ಗೂಗಲ್ ಖಾತೆಯ ಭದ್ರತೆಯ ಪುಟದಲ್ಲಿ ‘ಬ್ಯಾಕಪ್ ಕೋಡ್ಸ್’ ಪಡೆಯಿರಿ. ಎಂಟಂಕಿಯ ಹತ್ತು ಸಂಖ್ಯೆಗಳು ಬರುತ್ತವೆ, ಒಂದೊಂದೂ ಒಂದು ಸಲ ಮಾತ್ರ ನಡೆಯುತ್ತದೆ. ಫೋನಿನಲ್ಲಿ ಫೋಟೋ ಹಿಡಿದಿಡಬೇಡಿ. ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಇನ್ನೂ ಒಂದು ಕೆಲಸ ಇದೆ. ಬ್ಲಾಗರ್ ಸೆಟ್ಟಿಂಗ್ಸ್‌ನ ಪರ್ಮಿಶನ್ಸ್ ಭಾಗದಿಂದ ನಿಮ್ಮ ತಂಗಿಯನ್ನೋ ಮಗನನ್ನೋ ಲೇಖಕರಾಗಿ ಆಹ್ವಾನಿಸಿ, ಅವರು ಒಪ್ಪಿದ ಮೇಲೆ ‘ಅಡ್ಮಿನ್’ ಮಾಡಿ. ನಿಮ್ಮ ಖಾತೆಗೆ ಏನಾದರೂ ಆದರೆ ಅವರ ಖಾತೆಯಿಂದ ಬ್ಲಾಗ್ ನಡೆಯುತ್ತದೆ. ಯಾರನ್ನು ಮಾಡುತ್ತೀರೋ ಅವರೂ ಎರಡು ಹಂತದ ಲಾಗಿನ್ ಹಾಕಿಕೊಂಡಿದ್ದಾರೆಯೇ ಎಂದು ಮೊದಲು ಕೇಳಿ.