ಚಕ್ರ ಬಿಟ್ಟುಕೊಂಡು ಬಂದ ವಿಮಾನ ಇಳಿಯದೇ ಹೋಗಿದ್ದೇಕೆ?

ಪ್ರಶ್ನೆ: ನಮ್ಮ ತೋಟದಿಂದ ಏರ್‌ಪೋರ್ಟ್ ರನ್‌ವೇ 5 ಕಿ.ಮೀ. ಇರಬಹುದು. ಹೋದ ಮೇ ತಿಂಗಳ ಒಂದು ಸಂಜೆ ವಿಮಾನವೊಂದು ಚಕ್ರ ಬಿಟ್ಟುಕೊಂಡು ತೆಂಗಿನ ಮರ ಸವರಿಕೊಂಡೇ ಬಂತು. ಸ್ವಲ್ಪ ಹೊತ್ತಿಗೆ ಜೋರು ಸದ್ದು, ನೋಡಿದರೆ ಮತ್ತೆ ಮೇಲಕ್ಕೆ ಹೋಗುತ್ತಿದೆ! ಇಪ್ಪತ್ತು ನಿಮಿಷ ಬಿಟ್ಟು ಅದೇ ವಿಮಾನ ವಾಪಸ್ ಬಂತು. ಚಕ್ರ ಕೆಟ್ಟಿತ್ತಾ? ಅಷ್ಟು ಕೆಳಗೆ ಹಾರುವುದು ಅಪಾಯ ಅಲ್ವಾ?
— ಓದುಗರೊಬ್ಬರು, ದೇವನಹಳ್ಳಿ ತಾಲ್ಲೂಕು

ಉತ್ತರ: ಮೊದಲು ತೆಂಗಿನ ಮರದ ಲೆಕ್ಕ ಮುಗಿಸೋಣ ಸ್ವಾಮಿ. ಇಳಿಯುವ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ರನ್‌ವೇಯಿಂದ ಒಂದು ಕಿ.ಮೀ. ದೂರದಲ್ಲಿದ್ದರೆ 52 ಮೀಟರ್ ಎತ್ತರ, 5 ಕಿ.ಮೀ. ದೂರದಲ್ಲಿದ್ದರೆ 260 ಮೀಟರ್. ನಿಮ್ಮ ಮರ 20 ಮೀಟರ್ ಅಂತಲೇ ಇಟ್ಟುಕೊಳ್ಳಿ, ಒಂದರ ಮೇಲೊಂದು 13 ಮರ ನಿಲ್ಲಿಸಬೇಕು. ವಿಮಾನ ಬಲು ದೊಡ್ಡದು, ಅದಕ್ಕೇ ಕೈಗೆ ಸಿಗುವ ಹಾಗೆ ಕಾಣುತ್ತದೆ. ಇನ್ನು ಚಕ್ರ. ಅದನ್ನು ಸಾಮಾನ್ಯವಾಗಿ ರನ್‌ವೇ ಇನ್ನೂ ಹತ್ತು ಕಿ.ಮೀ. ಇರುವಾಗಲೇ ಇಳಿಸಿರುತ್ತಾರೆ. ನಿಮ್ಮ ತೋಟದ ಮೇಲೆ ಚಕ್ರ ಕಾಣದೇ ಇದ್ದಿದ್ದರೆ ನಾನೂ ಗಾಬರಿ ಬೀಳುತ್ತಿದ್ದೆ.

ಇಳಿಯದೇ ಮೇಲೆ ಹೋಗುವುದಕ್ಕೆ ಪೈಲಟ್‌ಗಳು ‘ಗೋ ಅರೌಂಡ್’ ಅನ್ನುತ್ತಾರೆ. ಮೇ ತಿಂಗಳ ಸಂಜೆ ನಿಮ್ಮ ಕಡೆ ಮೋಡ, ಗಾಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಗಾಳಿ ದಿಢೀರನೆ ತಿರುಗಿದರೂ, ಮಳೆಯಲ್ಲಿ ರನ್‌ವೇ ಕಾಣದಿದ್ದರೂ, ಮುಂಚೆ ಇಳಿದ ವಿಮಾನ ಇನ್ನೂ ಪಕ್ಕಕ್ಕೆ ಸರಿಯದಿದ್ದರೂ ಪೈಲಟ್ ಎಂಜಿನ್ ಜೋರು ಮಾಡಿ ಮೇಲೇರುತ್ತಾರೆ. ನೀವು ಕೇಳಿದ ಸದ್ದು ಅದೇ. ಏರುತ್ತಿರುವುದು ಖಾತ್ರಿಯಾದ ಮೇಲೆಯೇ ಚಕ್ರ ಒಳಗೆ, ಯಾಕೆಂದರೆ ಅಷ್ಟರಲ್ಲಿ ಒಮ್ಮೆ ನೆಲ ಮುಟ್ಟಿದರೂ ಮುಟ್ಟಬಹುದು. ಒಳಗೆ ಕೂತವರಿಗೆ ಎದೆ ಧಸಕ್ ಅನ್ನುತ್ತದೆ, ನಿಜ. ಆದರೆ ಒಲ್ಲದ ಗಾಳಿಯಲ್ಲಿ ಹಟ ಹಿಡಿದು ಇಳಿಸುವವರಿಗಿಂತ ಬಿಟ್ಟು ಹೋಗುವ ಪೈಲಟ್ ಮೇಲೆಯೇ ನನಗೆ ನಂಬಿಕೆ ಜಾಸ್ತಿ.

ಚಕ್ರ ಕೆಟ್ಟೂ ಹೀಗೆ ಹಾರುವುದುಂಟು, ಆದರೆ ಅಪರೂಪ. 2005ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬರ್ಬ್ಯಾಂಕ್‌ನಿಂದ ಹೊರಟ ಜೆಟ್‌ಬ್ಲೂ ಕಂಪನಿಯ ಏರ್‌ಬಸ್ 320ರ ಮೂಗಿನ ಚಕ್ರ ಒಳಗೆ ಹೋಗಲಿಲ್ಲ. ಪೈಲಟ್‌ಗೆ ತನ್ನ ವಿಮಾನದ ಕಾಲು ತನಗೇ ಕಾಣದು ನೋಡಿ. ಲಾಂಗ್ ಬೀಚ್ ನಿಲ್ದಾಣದ ಟವರ್ ಮುಂದೆ ಕೆಳಗೆ ಹಾರಿ ತೋರಿಸಿದರು. ಚಕ್ರ ಪೂರ್ತಿ ಅಡ್ಡಕ್ಕೆ ತಿರುಗಿತ್ತು! ಆ ವಿಮಾನದಿಂದ ಇಂಧನ ಹೊರಗೆ ಚೆಲ್ಲುವ ಹಾಗಿಲ್ಲ. ಅದಕ್ಕೇ ಗಂಟೆಗಟ್ಟಲೆ ಸುತ್ತಿ ಇಂಧನ ಕಡಿಮೆ ಮಾಡಿಕೊಂಡು ಲಾಸ್ ಏಂಜಲೀಸ್‌ನಲ್ಲಿ ಇಳಿಸಿದರು. ಮೂಗಿನ ಚಕ್ರ ಕಿಡಿ ಕಾರುತ್ತಾ ಉಜ್ಜಿಕೊಂಡು ಹೋಯಿತು, ಒಬ್ಬರಿಗೂ ಗಾಯ ಆಗಲಿಲ್ಲ.

ನನ್ನದೂ ಒಂದು ಕಥೆ ಇದೆ. 31 ವರ್ಷ ವಿಮಾನದ ಹೊಟ್ಟೆ ಕೆಳಗೆ ಬಗ್ಗಿ ಕೆಲಸ ಮಾಡಿದವನು ನಾನು, ಹೆಚ್ಚಿನದೆಲ್ಲ ಬೆಂಗಳೂರಿನ ಹಳೇ ಏರ್‌ಪೋರ್ಟಿನಲ್ಲಿ. ರಾತ್ರಿ ನಿಲ್ಲಿಸಿದ ವಿಮಾನದ ಕಾಲು ಅಪ್ಪಿತಪ್ಪಿ ಮಡಚಬಾರದು ಅಂತ ಮೂರು ಕಾಲಿಗೂ ಒಂದೊಂದು ಪಿನ್ ಹಾಕುತ್ತೇವೆ. ಪ್ರತಿ ಪಿನ್ನಿಗೂ ಉದ್ದನೆ ಕೆಂಪು ಪಟ್ಟಿ. ಬೆಳಗ್ಗೆ ಮೂರನ್ನೂ ತೆಗೆದು ಎಣಿಸಬೇಕು. ಮೂಗಿನ ಚಕ್ರದ ಸ್ಟಿಯರಿಂಗಿಗೆ ಇನ್ನೊಂದು ಪಿನ್ ಇರುತ್ತದೆ, ಅದಕ್ಕೂ ಅದೇ ಕೆಂಪು ಪಟ್ಟಿ. ಒಂದು ಮುಂಜಾನೆ, ಕಣ್ಣಲ್ಲಿ ನಿದ್ದೆ ತುಂಬಿತ್ತು, ಅದನ್ನೂ ಸೇರಿಸಿ ‘ಮೂರು’ ಅಂತ ಎಣಿಸಿಬಿಟ್ಟೆ. ಬೋಯಿಂಗ್ 737 ವಿಮಾನ ಹಾರಿತು. ಪಿನ್ ಉಳಿದಿದ್ದ ಎಡಗಾಲು ಮಡಚದೇ ಹೊರಗೇ ಇತ್ತು.

ಕ್ಯಾಪ್ಟನ್ ಉಳಿದ ಕಾಲುಗಳನ್ನೂ ವಾಪಸ್ ಇಳಿಸಿ, ಭಾರ ಕಡಿಮೆಯಾಗಲಿ ಅಂತ ಮುಕ್ಕಾಲು ಗಂಟೆ ಸುತ್ತಿದರು. ಆಮೇಲೆ ಮಾರತ್ತಹಳ್ಳಿ ಕಡೆಯಿಂದ ಬಂದು ಆರಾಮಾಗಿ ಇಳಿಸಿದರು. ಮೂರೂ ಕಾಲು ಗಟ್ಟಿಯಾಗಿದ್ದವು, ಅಪಾಯ ಇರಲಿಲ್ಲ. ನಾನು ಮಾತ್ರ ಟಾರ್ಮ್ಯಾಕ್ ಮೇಲೆ ನಿಂತು ಬೆವರುತ್ತಿದ್ದೆ. ಕ್ಯಾಪ್ಟನ್ ಕೆಳಗಿಳಿದು ಬಂದರು. ಆ ಪಿನ್ನನ್ನು ತಾವೇ ಕಿತ್ತು ನನ್ನ ಕೈಗಿಟ್ಟು, ‘ಈಗ ಎಣಿಸಪ್ಪ’ ಅಂದರು. ಮೆಮೋ ಬಂತು, ಅದು ಮನೆಯ ಬೀರುವಿನಲ್ಲಿ ಇನ್ನೂ ಇದೆ.

ಅಂದ ಹಾಗೆ, 737ರ ಹೊಟ್ಟೆಯಲ್ಲಿ ಎರಡು ಕಪ್ಪು ಬಿಲ್ಲೆ ಕಂಡರೆ ಚಕ್ರ ಇಳಿದಿದೆ ಅಂದುಕೊಳ್ಳಬೇಡಿ. ಅದರ ದೊಡ್ಡ ಚಕ್ರಗಳಿಗೆ ಪೂರ್ತಿ ಬಾಗಿಲೇ ಇಲ್ಲ, ಮಡಚಿದ ಮೇಲೂ ಕೆಳಗಿನಿಂದ ಟೈರು ಕಾಣುತ್ತದೆ.

ಪ್ರಶ್ನೆ: ಹೊರಗಿರುವ ಚಕ್ರ ಗಾಳಿಗೆ ಅಡ್ಡ ಬಂದು ಇಂಧನ ತಿನ್ನುತ್ತದೆ ಅಂತ ಓದಿದ್ದೇನೆ. ಕೊನೇ ಗಳಿಗೆಯಲ್ಲಿ ಇಳಿಸಿದರೆ ಆಗದೇ?
— ವಿದ್ಯಾರ್ಥಿ, ತುಮಕೂರು

ಉತ್ತರ: ಇಳಿಯುವಾಗ ಆ ಅಡ್ಡಿ ಬೇಕೇ ಬೇಕು, ಅದರಿಂದಲೂ ವೇಗ ಇಳಿಯುತ್ತದೆ. ಜೊತೆಗೆ ಕಾಕ್‌ಪಿಟ್‌ನಲ್ಲಿ ಮೂರು ಹಸಿರು ದೀಪ ಹತ್ತಬೇಕು, ಕಾಲಿಗೊಂದು. ಒಂದು ಹತ್ತದಿದ್ದರೆ ಮತ್ತೆ ಮೇಲೆ ಹೋಗಿ ಕಾರಣ ಹುಡುಕಲು, ಚಕ್ರವನ್ನು ಬೇರೆ ರೀತಿಯಲ್ಲಿ ಇಳಿಸಲು ಪುರುಸೊತ್ತು ಬೇಕಲ್ಲ. ಏರ್‌ಬಸ್ 320ರಲ್ಲಿ ಅದಕ್ಕೆಂದೇ ಒಂದು ಕೈಹಿಡಿ ಇದೆ. ಮೂರು ಸುತ್ತು ತಿರುಗಿಸಿದರೆ ಚಕ್ರ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ.

ಇಂಧನದ ಮಾತು ಮಾತ್ರ ನಿಜ. 2017ರ ಜುಲೈನಲ್ಲಿ ಕೋಲ್ಕತ್ತಾದಿಂದ ಮುಂಬೈಗೆ ಹೊರಟ ವಿಮಾನವೊಂದರ ಪೈಲಟ್‌ಗಳು ಚಕ್ರ ಒಳಗೆಳೆಯುವುದನ್ನೇ ಮರೆತಿದ್ದರು ಅಂತ ಪತ್ರಿಕೆಗಳಲ್ಲಿ ಬಂತು. ಎತ್ತರವೂ ಸಿಗಲಿಲ್ಲ, ವೇಗವೂ ಸಿಗಲಿಲ್ಲ, ಇಂಧನ ಮಾತ್ರ ಕರಗುತ್ತಾ ಹೋಯಿತು. ಕೊನೆಗೆ ಅರ್ಧ ದಾರಿಯಲ್ಲಿ ನಾಗ್ಪುರದಲ್ಲಿ ಇಳಿಸಬೇಕಾಯಿತು.